ಮದುವೆಯಿಲ್ಲದ ಬುಧವಾರ

ಕೊರೊನಾ ಮುಗಿದ ಎರಡನೇ ವರ್ಷ. ಪಾಂಡವಪುರದ ಕಡೆ ಲೋಕಪಾವನಿ ಹೊಳೆಯ ನೀರು ಪರೀಕ್ಷಿಸುವ ತಂಡದಲ್ಲಿ ನಾನು ಸ್ವಯಂಸೇವಕಿಯಾಗಿದ್ದೆ. ಏಳನೇ ಕ್ಲಾಸು ಓದಿದವಳು, ನಾಲ್ಕು ಜನರ ಮುಂದೆ ಬಾಯಿ ಬಿಡದವಳು ಅಲ್ಲಿಗೇಕೆ ಹೋದೆ ಎಂದು ಕೇಳುತ್ತೀರಲ್ಲ ಮಕ್ಕಳೇ, ಸೇವೆಗಲ್ಲ, ಸೇಡಿಗೆ.

ನಿಮ್ಮ ತಾತ ಹೋದ ಮೇಲೆ ನನಗೆ ಜೊತೆಯಾಗಿದ್ದದ್ದು ಗೌರಿ ಎಂಬ ಹಸು. ಊರ ಮೇಲಿನ ಬೆಲ್ಲದ ಕಾರ್ಖಾನೆ ಹೊಳೆಗೆ ಬಿಟ್ಟ ಕೊಳಕು ನೀರು ಕುಡಿದು ಅದು ಮೂರು ದಿನ ನರಳಿ ಸತ್ತಿತು. ಕೇಳಲು ಹೋದರೆ ಮಾಲೀಕ ಕುರ್ಚಿಯಿಂದ ಏಳಲೂ ಇಲ್ಲ.

"ವಯಸ್ಸಾಗಿತ್ತು ಕಣವ್ವ, ಓಯ್ತು. ನಿಂಗೂ ವಯಸ್ಸಾಯ್ತು, ಮನೇಲಿ ಬಿದ್ದಿರು."

ಸುತ್ತಲಿದ್ದವರು ನಕ್ಕರು. ತಲೆ ತಗ್ಗಿಸಿಕೊಂಡು ಬಂದೆ.

ಶ್ರೀರಂಗಪಟ್ಟಣದ ನಿವೃತ್ತ ವಿಜ್ಞಾನದ ಟೀಚರು ಸರೋಜಮ್ಮ ತಂಡ ಕಟ್ಟಿದಾಗ ಮೊದಲು ಸೇರಿದವಳು ನಾನೇ. ನೀರಿನಲ್ಲಿ ಕರಗಿದ ಆಕ್ಸಿಜನ್ ಅಳೆಯುವ ಮೀಟರು ಕೊಟ್ಟರು. ಅದು ಇಳಿದರೆ ಮೀನಿಗೆ ಉಸಿರಿಲ್ಲ. ಸೀಸೆಯನ್ನು ಹೊಳೆ ನೀರಲ್ಲೇ ಮೂರು ಸಲ ತೊಳೆದು ತುಂಬಬೇಕು. ಕಾರ್ಖಾನೆಗಿಂತ ಮೇಲೆ ಒಂದು, ಕೆಳಗೆ ಒಂದು. ಐದು ತಿಂಗಳು ಎರಡೂ ಚೊಕ್ಕವಾಗೇ ಬಂದವು. ಆದರೆ ನಾವು ಹೋದ ಮಾರನೆಯ ದಿನ ಮೀನು ಸತ್ತು ತೇಲುತ್ತಿದ್ದವು.

ತಪ್ಪು ನನ್ನದೇ. ನನ್ನ ಮೈದುನ ಪುಟ್ಟಸ್ವಾಮಿ ಆ ಕಾರ್ಖಾನೆಯ ವಾಚ್‌ಮನ್. ಭಾನುವಾರ ಕಾಫಿಗೆ ಬಂದು, "ಅತ್ಗೆ, ಈ ವಾರ ಯಾವತ್ತು ನೀರ್ ತಗೀತೀರಿ?" ಎನ್ನುವನು. ಮನೆಯವನಲ್ಲವೇ ಎಂದು ಹೇಳಿಬಿಡುತ್ತಿದ್ದೆ. ಅವನು ಅದನ್ನು ಮಾಲೀಕನಿಗೆ ಮುಟ್ಟಿಸುತ್ತಿದ್ದ, ಆ ದಿನ ಅವರು ಕೊಳಕು ನೀರಿನ ಕೊಳವೆ ಮುಚ್ಚುತ್ತಿದ್ದರು.

ಮೀನು ಸಾಯುವ ದಿನಗಳನ್ನು ಲೆಕ್ಕ ಹಾಕಿ ಇದು ಗೊತ್ತಾದ ಮೇಲೂ ಅವನನ್ನು ಬೈಯಲಿಲ್ಲ. ಮುಂದಿನ ಭಾನುವಾರ ಕಾಫಿಗೆ ಒಂದು ಚಮಚ ಸಕ್ಕರೆ ಜಾಸ್ತಿಯೇ ಹಾಕಿ ಕೊಟ್ಟೆ.

"ಈ ವಾರ ಇಲ್ಲ ಕಣಪ್ಪ. ಬುಧವಾರ ಎಲ್ರೂ ಅರಕೆರೆಗೆ ಮದುವೆಗೆ ಹೋಗ್ತಾವ್ರೆ."

ಅರಕೆರೆಯಲ್ಲಿ ಯಾರ ಮದುವೆಯೂ ಇರಲಿಲ್ಲ.

ಬುಧವಾರ ಹನ್ನೊಂದು ಗಂಟೆಗೆ ನಾವು ಹೊಂಗೆ ಮರಗಳ ಹಿಂದೆ ಕೂತಿದ್ದೆವು. ಕೇಸಿಗೆ ನಿಲ್ಲುವುದು ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿ ತುಂಬಿದ ಸೀಸೆ ಮಾತ್ರ. ಅದಕ್ಕೇ ಸರೋಜಮ್ಮ ಒಬ್ಬ ಅಧಿಕಾರಿಯನ್ನೂ ಕರೆತಂದಿದ್ದರು. ಕೊಳವೆ ಗೊಳಗೊಳ ಎಂದಿತು. ಹೊಳೆ ಹುಣಸೆ ಕಿವುಚಿದ ಬಣ್ಣಕ್ಕೆ ತಿರುಗಿತು. ನಾನು ಸೀಸೆಯನ್ನು ಕೊಳವೆ ಬಾಯಿಗೇ ಹಿಡಿಯಹೊರಟೆ.

"ಅಲ್ಲಿ ಬೇಡಿ ಲಕ್ಷ್ಮಮ್ಮ, ಹೊಳೇಲಿ ಹಿಡೀರಿ. ನಿಮ್ ಕೋಪ ಸೀಸೆಗೆ ಬೀಳಬಾರ್ದು" ಎಂದರು ಸರೋಜಮ್ಮ.

ಮೂರು ಸಲ ತೊಳೆದೆ. ಮೀಟರಿನಲ್ಲಿ ಮೇಲಿನ ನೀರು ಆರು ತೋರಿಸಿದರೆ ಕೆಳಗಿನದು ಒಂದನ್ನೂ ಮುಟ್ಟಲಿಲ್ಲ. ಅಧಿಕಾರಿ ತಮ್ಮ ಸೀಸೆ ತುಂಬಿ ಸೀಲು ಹಾಕುವಷ್ಟರಲ್ಲಿ ಮಾಲೀಕ ಬೆವರುತ್ತಾ ಓಡಿಬಂದ.

"ಪೈಪು ಒಡ್ಕಂಡದೆ ಸಾರ್, ಹಳೇದು."

ಎರಡು ತಿಂಗಳ ಮೇಲೆ ಕಾರ್ಖಾನೆಗೆ ಬೀಗ ಬಿತ್ತು. ಆ ದಿನ ಬೀಗದ ಮುಂದೆ ನಿಂತಿದ್ದ ಮಾಲೀಕನಿಗೆ, ನಾಲ್ಕಲ್ಲ, ನಲವತ್ತು ಜನರ ಮುಂದೆ ಬಾಯಿ ಬಿಟ್ಟು ಹೇಳಿದೆ:

"ವಯಸ್ಸಾಗಿತ್ತು ಕಣಪ್ಪ, ಓಯ್ತು. ಮನೇಲಿ ಬಿದ್ದಿರು."

ಈ ಸಲ ಯಾರೂ ನಗಲಿಲ್ಲ. ನಾನೊಬ್ಬಳೇ ನಕ್ಕೆ.

ಪುಟ್ಟಸ್ವಾಮಿಯ ಕೆಲಸವೂ ಹೋಯಿತು. "ನನ್ನ ಒಟ್ಟೆ ಮೇಲೆ ಒಡುದ್‌ಬುಟ್ರಲ್ಲ ಅತ್ಗೆ" ಎಂದು ಬಾಗಿಲಲ್ಲಿ ನಿಂತ. ಒಳಗೆ ಕರೆದು ಕಾಫಿ ಕೊಟ್ಟೆ. ತಪ್ಪಾಯಿತು ಎಂದು ಮಾತ್ರ ನಾನು ಹೇಳಲಿಲ್ಲ.

ಸೀಸೆಯಿಂದ ಕೋಪವನ್ನು ದೂರವಿಡುವುದನ್ನು ಈ ಕೆಲಸ ಕಲಿಸಿತು. ನನ್ನೊಳಗಿನ ಕೋಪವನ್ನು ಬಿಡು ಎಂದು ಮಾತ್ರ ಅದು ಹೇಳಲಿಲ್ಲ. ಈಗಲೂ ಭಾನುವಾರ ಪುಟ್ಟಸ್ವಾಮಿ ಬರುತ್ತಾನೆ. ನೀರು ತೆಗೆಯುವ ದಿನ ಯಾವುದೆಂದು ಅವನು ಕೇಳುವುದಿಲ್ಲ, ನಾನು ಹೇಳುವುದಿಲ್ಲ.