ಮಾಯವಾಗುತ್ತಿದ್ದ ಅಕ್ಕನ ಮೇಲ್

ಅನುಮಾನ ನನಗೆ ಹುಟ್ಟುಗುಣ. ಹಾಲಿನವನು ನಕ್ಕರೆ ಇವತ್ತು ನೀರು ಜಾಸ್ತಿ ಸೇರಿದೆ ಎಂದುಕೊಳ್ಳುವವಳು ನಾನು. ಅಂಥದ್ದರಲ್ಲಿ ಅಜ್ಜಂಪುರದ ಅಕ್ಕನ ಮೇಲ್‌ಗಳು ಮಾಯವಾಗತೊಡಗಿದರೆ ಸುಮ್ಮನಿರುತ್ತೇನೆಯೇ?

ಅಮ್ಮ ಹೋದ ಮೇಲೆ ಅಕ್ಕನೂ ನಾನೂ ಮಾತು ಬಿಟ್ಟಿದ್ದೆವು. ಎರಡು ವರ್ಷ ಕಳೆದು ಅವಳೇ ಒಂದು ಮೇಲ್ ಹಾಕಿದಳು. ಫೋನಿನಲ್ಲಿ ಮಾತಾಡಿದರೆ ಜಗಳ, ಮೆಸೇಜಿಗೆ ನೀಲಿ ಗೀಟು ಬಿದ್ದೂ ಉತ್ತರ ಬರದಿದ್ದರೆ ಅದಕ್ಕೊಂದು ಜಗಳ. ನಿಧಾನವಾಗಿ ಬರೆದುಕೊಳ್ಳೋಣ ಎಂದಿದ್ದಳು. ಅತ್ತುಬಿಟ್ಟೆ. ಅವತ್ತೇ ಉತ್ತರ ಬರೆದೆ. ಆಮೇಲೆ ಅವಳಿಂದ ಏನೂ ಇಲ್ಲ. ಒಂದು ದಿನ ಫೋನಿನಲ್ಲಿ ಅವಳ ಹೆಸರಿನ ಮೇಲ್ ಕಂಡಿತು. ಒಲೆ ಸಣ್ಣ ಮಾಡಿ ಬರುವಷ್ಟರಲ್ಲಿ ಇರಲಿಲ್ಲ. ಹಜಾರದಲ್ಲಿ ಗಂಡ ತಮ್ಮ ಫೋನು ನೋಡುತ್ತ ಕೂತಿದ್ದರು. ನನ್ನ ಪಾಸ್‌ವರ್ಡ್ ಗೊತ್ತಿರುವುದು ಅವರೊಬ್ಬರಿಗೇ ಎಂದುಕೊಂಡಿದ್ದೆ. ಅಕ್ಕನನ್ನು ಕಂಡರೆ ಅವರಿಗೂ ಅಷ್ಟಕ್ಕಷ್ಟೇ.

"ನೀವೇ ಅಳಿಸ್ತಿದ್ದೀರಿ" ಎಂದೆ.

ಚಪ್ಪಲಿ ಮೆಟ್ಟಿ ಹೊರಟುಹೋದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂದುಕೊಂಡೆ. ಸಂಜೆ ಬಂದವರು ಏನೋ ಹೇಳಲು ಬಾಯಿ ತೆರೆದರು. ಕೋಣೆಯ ಬಾಗಿಲು ಹಾಕಿಕೊಂಡೆ.

ಪಾಸ್‌ವರ್ಡ್ ಬದಲಿಸೋಣವೆಂದರೆ ಒಟಿಪಿ ನನ್ನ ಫೋನಿಗೆ ಬರಲೇ ಇಲ್ಲ. ಆಗ ನೆನಪಾಯಿತು. ಆ ಮೇಲ್ ಐಡಿ ಮಾಡಿಕೊಟ್ಟವನು ಕಡೂರಿನಲ್ಲಿ ನಮ್ಮ ತವರಿನ ಬೀದಿಯ ಜೆರಾಕ್ಸ್ ಅಂಗಡಿಯವನು. ಎಲ್ಲರ ಐಡಿಗೂ ತನ್ನದೇ ನಂಬರು ಕೊಟ್ಟು, ಪಾಸ್‌ವರ್ಡ್‌ಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಅವನ ಪದ್ಧತಿ.

ಮರುದಿನ ತರೀಕೆರೆಯಿಂದ ಮೊದಲ ಬಸ್ಸು ಹಿಡಿದೆ. ನನ್ನ ಮೇಲ್ ಗಂಡನ ಕೈಗೆ ಸಿಗದ ಹಾಗೆ ಮಾಡಿಕೊಡು ಎಂದು ಅಂಗಡಿಯವನಿಗೆ ಹೇಳಿದರೆ ಅವನು ಹೆಮ್ಮೆಯಿಂದ ತನ್ನ ಕಂಪ್ಯೂಟರ್ ತೋರಿಸಿದ. ಅದರಲ್ಲಿ ಹೊಸದಾಗಿ ಮೇಲ್‌ನ ಸಾಫ್ಟ್‌ವೇರ್ ಹಾಕಿದ್ದಾನಂತೆ. ಗಿರಾಕಿಗಳಿಗೆ ಬರುವುದನ್ನೆಲ್ಲ ಅದು ಆಗಾಗ ಈ ಕಂಪ್ಯೂಟರಿಗೆ ಎಳೆದುಕೊಂಡು, ಫೋನಿನಲ್ಲೂ ಕಾಣದ ಹಾಗೆ ಆನ್‌ಲೈನಿನಿಂದ ಅಳಿಸಿಬಿಡುತ್ತದಂತೆ.

"ಆನ್‌ಲೈನಲ್ಲಿ ಬಿಟ್ರೆ ಯಾರ್ ಬೇಕಾದ್ರೂ ನೋಡ್ತಾರೆ. ನಿಮ್ದೆಲ್ಲಾ ಇಲ್ಲೇ ಭದ್ರವಾಗಿ ಇಟ್ಟಿದೀನಿ ಕಣ್ರೀ ಮೇಡಂ."

ಯಾರನ್ನು ಕೇಳಿ ಇಟ್ಟೆ ಎಂದು ಬೈಯುವಷ್ಟರಲ್ಲಿ ಪ್ರಿಂಟರಿನಿಂದ ಅಕ್ಕನ ಕಾಗದಗಳು ಬರತೊಡಗಿದವು. ಏಳು. ಅಲ್ಲೇ ಸ್ಟೂಲಿನ ಮೇಲೆ ಕೂತು ಓದಿದೆ. ಆರನೆಯದರಲ್ಲಿ, ಉತ್ತರ ಬರೆಯದವಳಿಗೆ ಇನ್ನು ನಾನೂ ಬರೆಯುವುದಿಲ್ಲ ಎಂದಿತ್ತು. ಏಳನೆಯದು ಹಿಂದಿನ ದಿನದ್ದು.

"ನಿನ್ನ ಯಜಮಾನ್ರು ಈಗ ಬಂದು ಹೋದ್ರು. ನಿಮ್ಮ ಕಾಗದ ಬರಲಿಲ್ಲ ಅಂತ ಅವಳು ಸರಿಯಾಗಿ ಊಟ ಮಾಡ್ತಿಲ್ಲ, ಬರೆಯೋದು ನಿಲ್ಲಿಸಬೇಡಿ ಅಂತ ಕೈ ಮುಗಿದ್ರು ಕಣೇ."

ನನಗೆ ನಾಚಿಕೆಯಾಯಿತು. ಕಾಗದ ಮಡಿಚಿ ಬ್ಯಾಗಿಗೆ ಹಾಕಿಕೊಂಡೆ. ನಿನ್ನ ನಂಬರು ತೆಗೆ, ಪಾಸ್‌ವರ್ಡ್ ಬದಲಿಸು ಎಂದು ಅಂಗಡಿಯವನಿಗೆ ಹೇಳಿದೆ. ಹಾಗಾದರೆ ಒಟಿಪಿಗೆ ಯಾರ ನಂಬರು ಕೊಡಲಿ ಎಂದು ಕೇಳಿದ.

ಗಂಡನದು ಹೇಳಿದೆ.