ಚಾದರದ ಆ ತುದಿ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಯಂತ್ರಗಳು ತಿರುಗತೊಡಗಿದರೆ ಪಕ್ಕದಲ್ಲಿದ್ದವರ ಮಾತೂ ಕಿವಿಗೆ ಬೀಳುವುದಿಲ್ಲ. ಅಲ್ಲಿ ಎಲ್ಲರೂ ಕಿರುಚಿಯೇ ಮಾತಾಡುವವರು. ಎಲ್ಲರಿಗಿಂತ ದೊಡ್ಡ ಗಂಟಲಿನವಳಿಗೆ ಮೈಕಕ್ಕ ಎಂಬ ಹೆಸರು ಬಿದ್ದಿದೆ. ಮೇಲ್ವಿಚಾರಕಿ ಹುದ್ದೆಯ ಸಂದರ್ಶನದ ದಿನ ಬೆಳಿಗ್ಗೆಯೂ ಅವಳು ಚಾದರದ ಎರಡು ಮೂಲೆ ಹಿಡಿದು, "ಐ ಫೋಲ್ಡ್ ದಿ ಶೀಟ್!" ಎಂದು ಕೂಗುತ್ತಿದ್ದಳು. ಇನ್ನೊಂದು ತುದಿಯಲ್ಲಿ ಅವಳ ನಾದಿನಿ.

"'ಐ' ಅಂದ್ರೆ ನೀನೊಬ್ಳೇ ತಾನೇ ಅತ್ತಿಗೆ? ಹಾಗಾದ್ರೆ ನಾನೇನು ಗೋಡೆಗೆ ಹೊಡೆದ ಮೊಳೆನಾ?"

"ಮೊಳೆ ಆದ್ರೆ ಬಾಯಿ ಮುಚ್ಕೊಂಡಿರ್ತಿತ್ತು. ಎಳಿ!"

ಇಂಗ್ಲಿಷ್ ಬಾರದೆಂದು ಆ ಕೆಲಸ ಎರಡು ಸಲ ಮೈಕಕ್ಕನ ಕೈತಪ್ಪಿತ್ತು. ಮೂರನೆಯ ಸಲ ತಪ್ಪಬಾರದೆಂದು ಹಟ ಹಿಡಿದು, ಹೊಲಿಗೆ ಅಂಗಡಿಯ ಮಹಡಿಯಲ್ಲಿ ನಡೆಯುವ ಸಂಜೆ ತರಗತಿಗೆ ಸೇರಿದಳು. ಮೊದಲ ಪಾಠ, ದಿನಾ ಮಾಡುವ ಕೆಲಸ ಹೇಳುವ ಸಿಂಪಲ್ ಪ್ರೆಸೆಂಟ್. ದಿನಾ ಪೇಪರ್ ಓದುತ್ತೇನೆ ಎಂಬ ವಾಕ್ಯವನ್ನು ಎಲ್ಲರೂ ಒಪ್ಪಿಸಿದರು. ಅವಳು ಎದ್ದು ನಿಂತಳು.

"ನಾನು ಪೇಪರ್ ಓದಲ್ಲ ಮೇಡಂ. ಸುಳ್ಳು ಯಾಕೆ ಹೇಳ್ಲಿ?"

"ಅಭ್ಯಾಸಕ್ಕಮ್ಮಾ."

"ಹಾಗಾದ್ರೆ ನನ್ನ ಕೆಲಸದ್ದೇ ಹೇಳ್ಕೊಡಿ."

ಮೇಡಂ ನಕ್ಕು ಹೇಳಿಕೊಟ್ಟರು. ಒಗೆಯುವಾಗ ವಾಶ್, ಕೊಡವುವಾಗ ಶೇಕ್, ಕಲೆ ಹುಡುಕುವಾಗ ಚೆಕ್, ಮಡಚುವಾಗ ಫೋಲ್ಡ್, ಒಂದರ ಮೇಲೊಂದು ಪೇರಿಸುವಾಗ ಸ್ಟ್ಯಾಕ್. ಒಂದೊಂದು ಮಾತನ್ನೂ ಅವಳು ಕೆಲಸದ ಜೊತೆಗೇ ಕಲಿತಳು. ಮಾತು ಕೈಗೆ ಅಂಟಿಕೊಂಡಿದೆ, ಬರಿಗೈಯಲ್ಲಿ ಕೂತರೆ ಬಾಯಿಗೆ ಬಾರದು ಎಂದು ಗೊತ್ತಾದದ್ದು ಮಾತ್ರ ಸಂದರ್ಶನದಲ್ಲಿ ಆಸ್ಪತ್ರೆಯ ಮ್ಯಾನೇಜರರ ಎದುರು ಕೂತಾಗ.

"ದಿನಾ ಏನೇನು ಮಾಡ್ತೀರಿ? ಇಂಗ್ಲಿಷ್‌ನಲ್ಲಿ ಹೇಳಿ."

ಕೈಗಳು ಮಡಿಲಲ್ಲಿದ್ದವು. ಬಾಯಿಂದ ಹೊರಟದ್ದು 'ಐ' ಒಂದೇ.

"ಹೋಗ್ಲಿ ಬಿಡಿ. ಮುಂದಿನ ವರ್ಷ ನೋಡೋಣ."

ಅವಳು ಎದ್ದಳು, ಬಾಗಿಲ ಕಡೆಗೆ ಹೋಗಲಿಲ್ಲ. ಮೂಲೆಯ ಮೇಜಿನ ಮೇಲಿದ್ದ ನೀರಿನ ಲೋಟಗಳನ್ನು ಕಿಟಕಿಯ ಕಟ್ಟೆಗೆ ಸರಿಸಿ, ಮೇಜಿನ ಬಿಳಿ ಹೊದಿಕೆ ಎಳೆದುಕೊಂಡಳು. ಎರಡು ಮೂಲೆಗಳನ್ನು ಮ್ಯಾನೇಜರರ ಮುಂದೆ ಚಾಚಿದಳು.

"ಆ ತುದಿ ಹಿಡ್ಕೊಳ್ಳಿ ಸಾರ್."

"ಏನಮ್ಮಾ ಇದು?"

"ಮುಂದಿನ ವರ್ಷದ ತನಕ ಕಾಯೋಕೆ ನನ್ನಿಂದ ಆಗಲ್ಲ. ಹಿಡ್ಕೊಳ್ಳಿ."

ಅವರು ಎದ್ದು ಹಿಡಿದರು.

"ಐ ಶೇಕ್ ದಿ ಶೀಟ್!"

ಅದು ನೆಲಮಾಳಿಗೆಯ ದನಿ. ಹೊರಗಿದ್ದ ಟೈಪಿಸ್ಟ್ ಗಾಬರಿಯಾಗಿ ಬಾಗಿಲು ತೆರೆದು ಇಣುಕಿದಳು.

"ಐ ಚೆಕ್ ದಿ ಸ್ಟೇನ್ಸ್! ಐ ಫೋಲ್ಡ್! ಐ ಸ್ಟ್ಯಾಕ್! ಬಿಗಿಯಾಗಿ ಎಳೀರಿ ಸಾರ್, ಸಡಿಲ ಬಿಟ್ರೆ ಸುಕ್ಕು ಬೀಳತ್ತೆ."

ಮ್ಯಾನೇಜರ್ ಎಳೆದರು. "ಸ್ವಲ್ಪ ಮೆಲ್ಲಗೆ ಹೇಳಬಾರದಾ?"

"ಮೆಲ್ಲಗೆ ಹೇಳಿದ್ರೆ ಕೆಳಗೆ ಯಾರಿಗೆ ಕೇಳತ್ತೆ ಸಾರ್? ಮುಂದೆ ಬನ್ನಿ, ನಿಮ್ಮ ಮೂಲೆ ನನ್ನ ಕೈಗೆ ಕೊಡಿ."

ಅವರು ಮುಂದೆ ಬಂದು ಕೊಟ್ಟರು. ಹೊದಿಕೆ ಚೌಕವಾಗಿ ಮೇಜಿನ ಮೇಲೆ ಕೂತಿತು.

ಸೋಮವಾರದಿಂದ ಬೆಳಗಿನ ಪಾಳಿಯ ಉಸ್ತುವಾರಿ ಅವಳದು. ಸದ್ಯಕ್ಕೆ ಮೂರು ತಿಂಗಳ ಮಟ್ಟಿಗೆ.