ಅಜ್ಜನ ಸೇಮಿಗೆ ಮಿಶನ್, ನನ್ನ ತಿದ್ದುಪಡಿ ಸಮೇತ

ತಪ್ಪು ನನ್ನದೇ, ಮೊದಲೇ ಹೇಳಿಬಿಡುತ್ತೇನೆ. ಅಜ್ಜನ ಫೋಟೋವನ್ನು ತಿದ್ದಲು ಹೋದವನು ನಾನು.

ಊರಲ್ಲಿ ಅಜ್ಜ ಕೈಯಾರೆ ಮಾಡಿದ ಸೇಮಿಗೆ ಮಿಶನ್ ಒಂದಿತ್ತು. ಹಲಸಿನ ಮರದ ಚೌಕಟ್ಟು, ನಡುವೆ ಕಬ್ಬಿಣದ ದಪ್ಪ ತಿರುಪು, ಮೇಲೊಂದು ಹಿಡಿ. ಬಿಸಿ ಅಕ್ಕಿಉಂಡೆ ಹಾಕಿ ಅಜ್ಜ ತಿರುಗಿಸುವುದು, ಕೆಳಗೆ ಅಜ್ಜಿ ಬಾಳೆಲೆ ಹಿಡಿಯುವುದು. ಅಜ್ಜ ತೀರಿಕೊಂಡ ಮೇಲೆ ಮಿಶನ್ ಗೆದ್ದಲಿಗೆ ಹೋಯಿತು, ಅಜ್ಜಿ ಸೇಮಿಗೆ ತಿನ್ನುವುದನ್ನೇ ಬಿಟ್ಟರು. ಅಜ್ಜಿ ವಿಸಿಟ್ ವೀಸಾದಲ್ಲಿ ದುಬೈಯ ನಮ್ಮ ಮನೆಗೆ ಬಂದಾಗ ಅಮ್ಮ ಪ್ಯಾಕೆಟ್ ಸೇಮಿಗೆ ಬೇಯಿಸಿಕೊಟ್ಟರೆ, "ಇದು ಹೊಲಿಗೆ ನೂಲು" ಎಂದು ತಟ್ಟೆ ದೂಡಿದರು. ಅವರು ಹಿಂತಿರುಗುವ ಮೊದಲು ಅಜ್ಜನ ಮಿಶನ್ನಿನ ಸೇಮಿಗೆಯನ್ನೇ ತಿನ್ನಿಸಬೇಕೆಂದು ನನಗೆ ಹಟ ಹಿಡಿಯಿತು.

ಧೈರ್ಯಕ್ಕೇನೂ ಕಡಿಮೆ ಇರಲಿಲ್ಲ. ಅಜ್ಜನ ಕೆಮ್ಮು, ನಡಿಗೆ, ಬೈಗುಳ ಎಲ್ಲವನ್ನೂ ಇಲ್ಲೇ ದುಬೈಯ ಊದ್ ಮೇಥಾದಲ್ಲಿ ನಡೆದ ನಮ್ಮ ಊರವರ ಕಾರ್ಯಕ್ರಮದಲ್ಲಿ ಮಾಡಿ ಚಪ್ಪಾಳೆ ಗಿಟ್ಟಿಸಿದವನು ನಾನು.

ಇದ್ದದ್ದು ಒಂದೇ ಫೋಟೋ. ಅದರಲ್ಲಿ ಅಜ್ಜ ಎಡಗೈಯಲ್ಲಿ ಹಿಡಿ ತಿರುಗಿಸುತ್ತಿದ್ದಾರೆ, ವಾಚು ಬಲಗೈಯಲ್ಲಿ, ತಿರುಪಿನ ಸುತ್ತೂ ಉಲ್ಟಾ. ಸ್ಟುಡಿಯೋದವ ನೆಗೆಟಿವ್ ಮಗುಚಿ ಹಾಕಿದ್ದಾನೆ ಎಂದು ತೀರ್ಪು ಕೊಟ್ಟೆ. ವಾಚನ್ನು ಸಾಕ್ಷಿಯೆಂದು ಬರೆದುಕೊಂಡೆ!

ಮುರಕ್ಕಬಾತಿನ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಮೂರು ಶುಕ್ರವಾರ ಮರ ಉಜ್ಜಿದೆ. ಒಣಹಾಕಿದ್ದ ಅಪ್ಪನ ಆಫೀಸ್ ಶರ್ಟುಗಳಿಗೆಲ್ಲ ಮರದ ಹುಡಿ. ತಿರುಪಿಗೆ ಲೇತ್ ಅಂಗಡಿಯ ಪಠಾಣ್ ಚಾಚಾನ ಬಳಿ ಹೋದೆ. ಸುತ್ತು ಯಾವ ಕಡೆಗೆ ಕೊರೆಯಲಿ ಎಂಬ ಅರ್ಥದಲ್ಲಿ ಚಾಚಾ, "ಸೀಧಾ ಯಾ ಉಲ್ಟಾ?" ಎಂದರು. "ಸೀಧಾ ಚಾಚಾ, ಏಕ್‌ದಂ ಸೀಧಾ!" ಎಂದೆ, ಅವರದೇ ಗಂಟಲಲ್ಲಿ. ಚಾಚಾ ನಗಲಿಲ್ಲ.

ನಾಲ್ಕನೇ ಶುಕ್ರವಾರ ಬೆಳಿಗ್ಗೆ ಅಜ್ಜಿ ಸಿದ್ಧವಾದ ಮಿಶನ್ ನೋಡಿದರು. ಮರವನ್ನೊಮ್ಮೆ ಸವರಿದರು. ನಾನು ಅಜ್ಜನಂತೆ ಕೆಮ್ಮಿ, "ಎಲೆ ಹಿಡಿಯೇ, ಉಂಡೆ ಆರ್ತದೆ!" ಎಂದು ಗದರಿದೆ.

"ಸುಮ್ಮನಿರು. ಇವತ್ತು ನಾನು ತಿರುಗಿಸುವುದು."

ಅಜ್ಜ ತಿರುಗಿಸುತ್ತಿದ್ದ ಕಡೆಗೇ ತಿರುಗಿಸಿದರು. ತಿರುಪು ಇಳಿಯುವ ಬದಲು ಏರಿತು. ಬಿಡಲಿಲ್ಲ, ಇನ್ನೂ ತಿರುಗಿಸಿದರು. ಕೊನೆಗೆ ಇಡೀ ತಿರುಪು ಕಳಚಿ ಅವರ ಕೈಗೇ ಬಂತು. ಖಲಾಸ್!

"ಇದೆಂತದು?"

"ಆ ಕಡೆಗಲ್ಲ ಅಜ್ಜಿ, ಈ ಕಡೆಗೆ. ಫೋಟೋ ಉಲ್ಟಾ ಇತ್ತಲ್ಲ, ನಾನು ಸರಿ ಮಾಡಿದೆ."

"ಅವರು ಎಡಗೈಯವರು ಮಗಾ! ಅದಕ್ಕೇ ತಿರುಪು ಹಾಗೆ ಮಾಡಿಸಿದ್ದು!"

ಅಜ್ಜಿ ನೆಲದಲ್ಲೇ ಕೂತು, ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ನಾನು ತಿರುಪು ಸಿಕ್ಕಿಸಿ ನನ್ನ ಕಡೆಗೆ ತಿರುಗಿಸಿದೆ. ಸೇಮಿಗೆ ಬಿತ್ತು. ಅಜ್ಜಿ ಬೆಲ್ಲದ ಕಾಯಿಹಾಲು ಸುರಿದು ಎರಡು ಸಲ ಹಾಕಿಸಿಕೊಂಡು ತಿಂದರು.

ಅಲ್ಲಿಗೆ ನಾನು ಬಾಯಿ ಮುಚ್ಚಬಹುದಿತ್ತು. ಆದರೆ ವಾದಿಸಿದೆ: ರಜೆಯಲ್ಲಿ ಊರಿಗೆ ಹೋದಾಗ ಅಜ್ಜನನ್ನು ಸರಿಯಾಗಿ ಕಂಡದ್ದು ಊಟದ ಎಲೆಯ ಮುಂದೆ, ಅಲ್ಲಿ ಎಲ್ಲರೂ ಬಲಗೈಯವರೇ, ನನಗೆ ಹೇಗೆ ಗೊತ್ತಾಗಬೇಕು?

ಅಜ್ಜಿ ಬೆರಳು ನೆಕ್ಕುತ್ತ ಹೇಳಿದರು:

"ಕೆಮ್ಮುವುದು ಅವರ ಹಾಗೆ, ನಡೆಯುವುದು ಅವರ ಹಾಗೆ, ಎಡಗೈಯವರು ಅಂತ ಮಾತ್ರ ಗೊತ್ತಿಲ್ಲ! ಇಷ್ಟು ವರ್ಷ ನೀನು ಯಾರ ನಕಲು ಮಾಡ್ತಾ ಇದ್ದದ್ದು ಮಾರಾಯಾ?"